ಬಾಣಂತಿ ಹೊಸ್ತಿಲು ದಾಟಿದ್ದು

ಆಸ್ಪತ್ರೆಯ ಆ ಕೋಣೆಯ ಬಾಗಿಲು ತೆರೆದಾಗ ನಾನು ಗಾಬರಿಯಿಂದ ಹೊರಗೇ ನಿಂತುಬಿಟ್ಟೆ. ಒಳಗೆ ತುಂಬು ಬಸುರಿಯರು ದೊಡ್ಡ ದೊಡ್ಡ ರಬ್ಬರ್ ಚೆಂಡುಗಳ ಮೇಲೆ ಕೂತು ಮೆಲ್ಲಗೆ ಓಲಾಡುತ್ತಿದ್ದರು. ಹೆರಿಗೆಗೆ ಬಂದವರೋ ಆಟಕ್ಕೆ ಬಂದವರೋ ತಿಳಿಯಲಿಲ್ಲ. ಅದು ಬಸುರಿಯರ ವ್ಯಾಯಾಮವಂತೆ. ಗಂಡನಿಗೆ ಪೀಣ್ಯದಲ್ಲಿ ಕೆಲಸ ಸಿಕ್ಕಿ, ವಿಜಯಪುರ ಬಿಟ್ಟು ಬೆಂಗಳೂರಿನ ಗಂಗಾನಗರಕ್ಕೆ ಬಂದು ಆಗಿನ್ನೂ ಒಂದು ತಿಂಗಳಾಗಿತ್ತು. ನನಗೆ ಐದನೇ ತಿಂಗಳು.

"ದಿನಾ ನಡೀರಿ" ಎಂದರು ಡಾಕ್ಟರಮ್ಮ. "ನಡೀತಾ ಮಾತಾಡೋಕೆ ಆಗ್ಬೇಕು, ಅಷ್ಟೇ ಜೋರು ಸಾಕು. ತಲೆ ಸುತ್ತಿದ್ರೆ, ಎದೆ ನೋವು ಬಂದ್ರೆ, ರಕ್ತನೋ ನೀರೋ ಹೋದ್ರೆ ನಿಲ್ಲಿಸಿ, ತಕ್ಷಣ ಬನ್ನಿ."

ಊರಿನವರಿಗೆ ಇದು ವಿಚಿತ್ರವೆನಿಸಬಹುದು. ನಮ್ಮಲ್ಲಿ ಹೊಲದಲ್ಲಿ ಕಳೆ ತೆಗೆಯುವ ಬಸುರಿಯನ್ನು ಯಾರೂ ತಡೆಯುವುದಿಲ್ಲ. ಕೊಡ ಹೊತ್ತವಳನ್ನೂ ತಡೆಯುವುದಿಲ್ಲ. ತನ್ನ ಮೈಗಾಗಿ ಸುಮ್ಮನೆ ನಡೆದಾಡುವವಳನ್ನು ಮಾತ್ರ ಎಲ್ಲರೂ ಹಿಡಿದು ಕೂರಿಸುತ್ತಾರೆ. ಇಲ್ಲಿಗೆ ಬಂದ ಮೇಲೆ ನನಗಿದು ಹೊಳೆಯಿತು, ಹೊಳೆದದ್ದೇ ಸಿಟ್ಟು ಬಂತು.

ಆದರೆ ಮಾತಾಡುತ್ತಾ ನಡೆಯಲು ನನಗೆ ಜೊತೆ ಯಾರಿದ್ದರು? ಅವ್ವನಿಗೇ ಫೋನ್ ಹಚ್ಚಿಕೊಂಡು ಹೊರಟೆ. ಹಾರ್ನ್ ಸದ್ದು ಕೇಳಿ ಅವಳು ಕಿರುಚಿದಳು: "ಬಸರ ಹೆಂಗಸು ರಸ್ತಾದಾಗ ಏನ್ ಮಾಡ್ಲಿಕತ್ತಿ? ಮೊದ್ಲ ಮನಿಗೆ ನಡಿ!" ಆಮೇಲೆ ಜೊತೆಯಾದವಳು ಕೆಳಗಿನ ಮನೆಯ ಶಾಹೀನ್. ಅವಳ ಮನೆಯ ದಖ್ಖನಿ ಉರ್ದು ನಮ್ಮೂರ ಗಲ್ಲಿಗಳದ್ದರ ಹಾಗೆಯೇ ಇತ್ತು. ಬೆಂಗಳೂರಿನ ಕನ್ನಡಕ್ಕಿಂತ ಅದೇ ನನ್ನ ಕಿವಿಗೆ ಬೇಗ ಒಗ್ಗಿತು. "ನೀವು ಕನ್ನಡ ಮಾತಾಡಿದ್ರೆ ಜಗಳ ಆಡ್ದಂಗೆ ಇರುತ್ತೆ ಕಣ್ರೀ" ಎಂದು ಅವಳು ರೇಗಿಸಿದ ದಿನ, ಈ ಊರಲ್ಲಿ ಮೊದಲ ಸಲ ಜೋರಾಗಿ ನಕ್ಕೆ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ರೂಢಿ. ನಾನು ಹೋಗಲಿಲ್ಲ. ಅವ್ವನೇ ಬಂದು ಬಾಣಂತನಕ್ಕೆ ನಮ್ಮ ಎರಡನೇ ಮಹಡಿಯಲ್ಲಿ ವಿಜಯಪುರವನ್ನು ಹೂಡಿದಳು: ಹಗ್ಗದ ಹೊರಸು, ಅದರ ಕೆಳಗೆ ಕೆಂಡದ ಅಗ್ಗಿಷ್ಟಿಕೆ, ಕಿವಿಗೆ ಹತ್ತಿ, ಸೊಂಟಕ್ಕೆ ಉಸಿರುಗಟ್ಟುವಂತೆ ಬಿಗಿದ ಹಳೆಯ ಸೀರೆ. ಹೊಗೆ ಕೂಸಿಗೆ ಆಗದೆಂದು ಕೆಂಡವನ್ನು ಮೊದಲ ದಿನವೇ ಹೊರಗೆ ಹಾಕಿಸಿದೆ.

ನನ್ನದು ಸಹಜ ಹೆರಿಗೆ. ಮನೆಯಲ್ಲೇ ಸ್ವಲ್ಪ ಸ್ವಲ್ಪ ನಡೆಯಿರಿ, ಮೂತ್ರ ತಡೆಹಿಡಿಯುವ ಹಾಗೆ ಒಳಗಿನ ಸ್ನಾಯುಗಳನ್ನು ಬಿಗಿ ಮಾಡಿ ಬಿಡಿ ಎಂದು ಡಾಕ್ಟರಮ್ಮ ಹೇಳಿಕೊಟ್ಟಿದ್ದರು. ಆಪರೇಷನ್ ಆದವರು ಮಾತ್ರ ತಮ್ಮನ್ನು ಕೇಳದೆ ಏನೂ ಮಾಡಬಾರದೆಂದೂ ಎಚ್ಚರಿಸಿದ್ದರು. ನಾನು ಏಳಲು ಹೋದರೆ ಅವ್ವ ಅಡ್ಡ ನಿಂತಳು.

"ಹೊರಸ ಬಿಟ್ಟು ಇಳದ್ರ ನಾ ಇವತ್ತ ಗಾಡಿ ಹತ್ತತೀನಿ."

ಮಡಿಲಲ್ಲಿ ಹಸುಗೂಸು, ಗಂಡ ಡ್ಯೂಟಿಯಲ್ಲಿ. ಅವ್ವ ಹೋದರೆ ನನಗೆ ದಿಕ್ಕಿರಲಿಲ್ಲ.

ಅಷ್ಟರಲ್ಲಿ ಅವಳಿಗೆ ಸೀನು ಬಂತು. ಕಾಲು ಕೂಡಿಸಿ ನಿಂತಳು, ಮುಖ ಸಣ್ಣದಾಯಿತು, ಬಚ್ಚಲಿಗೆ ಓಡಿದಳು. ಸೀರೆ ಬದಲಿಸಿ ಬಂದವಳನ್ನು ಕೇಳಿದೆ: "ಯಾವಾಗಿಂದ ಹಿಂಗ?"

"ನಿನ್ನ ಹಡದಾಗಿಂದ. ಹಡದವರಿಗೆ ಇದು ಇರೂದ."

ಬಸ್ಸಿನಲ್ಲಿ ಅವಳು ಒಂದು ಗುಟುಕು ನೀರನ್ನೂ ಯಾಕೆ ಕುಡಿಯುವುದಿಲ್ಲ, ಮದುವೆ ಮನೆಗಳಲ್ಲಿ ಯಾಕೆ ಮೂಲೆ ಹಿಡಿದು ಕೂರುತ್ತಾಳೆ ಎಂದು ಅವತ್ತು ತಿಳಿಯಿತು. ಡಾಕ್ಟರಮ್ಮ ಬಿಗಿ ಮಾಡಿ ಬಿಡಿ ಎಂದದ್ದು ಇದಕ್ಕೇ ಎಂದೂ ಅರ್ಥವಾಯಿತು. "ನಾ ಹಿಂಗ ಬದುಕಂಗಿಲ್ಲವ್ವ. ನೀ ಹೋಗೂದಾದ್ರ ಹೋಗು" ಎಂದು ಹೊರಸಿನಿಂದ ಇಳಿದೆ. ಹಾಲಿನಿಂದ ಅಡುಗೆಮನೆಗೆ, ಅಲ್ಲಿಂದ ಬಾಲ್ಕನಿಗೆ, ಗೋಡೆ ಹಿಡಿದುಕೊಂಡು ನಡೆದೆ.

ಅವ್ವ ಗಾಡಿ ಹತ್ತಲಿಲ್ಲ. ಸಂಜೆ ನನ್ನ ಪಕ್ಕ ಕೂತು, ಗೋಡೆ ನೋಡುತ್ತಾ, "ಅದೇನೋ ಬಿಗಿ ಹಿಡಿಯೂದಂದಿ, ಹ್ಯಾಂಗ?" ಎಂದಳು.

ಮೂರನೇ ತಿಂಗಳಲ್ಲಿ ತೊಟ್ಟಿಲ ಕಾರ್ಯಕ್ಕೆ ಊರಿಗೆ ಹೋದೆವು. ಬೆಳಿಗ್ಗೆ ನಡೆಯಲೆಂದು ನಾನು ಚಪ್ಪಲಿ ಮೆಟ್ಟಿದ್ದೇ ತಡ, ಕಾಕು, ಅತ್ತಿ, ಮನೆಯ ಹೆಂಗಸರೆಲ್ಲರೂ ಮೈಮೇಲೆ ಬಿದ್ದರು. ನಾನು ಅವ್ವನ ಮುಖ ನೋಡಿದೆ. "ಕುಂಡ್ರು ಸುಮ್ನ, ಮಂದಿ ನೋಡ್ತಾರ" ಎಂದಳು, ಏನೂ ಗೊತ್ತಿಲ್ಲದವಳ ಹಾಗೆ. ನನಗೆ ಅಳು ಬಂತು. ಆದರೂ ಹೊಸ್ತಿಲು ದಾಟಿದೆ.

ಹುಟ್ಟಿದ ಓಣಿಯಲ್ಲಿ ಕಟ್ಟೆಕಟ್ಟೆಗೂ "ಎಲ್ಲಿಗವ್ವಾ?" ಎಂದು ಕೇಳಿದರು. ಗಂಗಾನಗರದಲ್ಲಿ ಹಾಗೆ ಕೇಳುವವರಿಲ್ಲವೆಂದು ಅತ್ತವಳೂ ನಾನೇ. "ಎಲ್ಲಿಗೂ ಇಲ್ಲ" ಎನ್ನುತ್ತಾ ನಡೆದೆ. ಓಣಿಯ ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಅವ್ವ ಬಾಗಿಲಲ್ಲಿ ನಿಂತಿದ್ದಳು. ನನ್ನನ್ನು ಹಿಂದಕ್ಕೆ ಕರೆಯಲೂ ಇಲ್ಲ, ಜೊತೆಗೆ ಬರಲೂ ಇಲ್ಲ.