ನಲವತ್ತೆರಡು ಬೆಳಕಿನ ಕರುಪ್ಪಯ್ಯ

ಕರುಪ್ಪಯ್ಯ ಎಂದರೆ ತಮಿಳಿನಲ್ಲಿ ಹೆಚ್ಚುಕಡಿಮೆ ಕಪ್ಪಯ್ಯ ಎಂದೇ ಅರ್ಥ. ಹೆಸರು ಕಪ್ಪಾದರೂ ಅವನು ಹೊಟ್ಟೆ ಹೊರೆದದ್ದು ಬೆಳಕಿನಿಂದ. ಬೋಡಿನಾಯಕನೂರಿನ ಕನ್ನಡದ ಒಕ್ಕಲುಮನೆಯಲ್ಲಿ ಹುಟ್ಟಿ, ಹೊಲಕ್ಕೂ ಇಳಿಯದೆ, ಏಲಕ್ಕಿ ಮಂಡಿಗೂ ಹೋಗದೆ, ಇಪ್ಪತ್ತೆರಡನೆಯ ವಯಸ್ಸಿಗೆ ಪೆರಿಯಸಾಮಿಯ ನಾಟಕ ಕಂಪನಿಗೆ ಸೇರಿ ದೀಪದವನಾದ. ಅಲ್ಲಿ ಮೊದಲೇ ಇದ್ದ ಇನ್ನೊಬ್ಬ ದೀಪದವನು ಸೇಕರ್. ತೇನಿಯವನು, ಅಪ್ಪಟ ತಮಿಳ, ಕರುಪ್ಪಯ್ಯನಿಗಿಂತ ಆರು ವರ್ಷ ದೊಡ್ಡವನು. ಬಲಗಡೆಯ ಹಿಡಿಗಳನ್ನು ಸೇಕರ್ ಎಳೆದರೆ ಎಡಗಡೆಯವನ್ನು ಇವನು ಎಳೆಯುತ್ತಿದ್ದ. ಹದಿನೈದು ವರ್ಷ ಇಬ್ಬರೂ ಒಂದೇ ಬೀಡಿಕಟ್ಟು, ಒಂದೇ ಬೆವರು.

ತೊಂಬತ್ತಾರರಲ್ಲಿ ಮೊದಲಾಳಿ, ಅಂದರೆ ಕಂಪನಿಯ ಯಜಮಾನ ಪೆರಿಯಸಾಮಿ, ಮದರಾಸಿನಿಂದ ಒಂದು ಕಂಪ್ಯೂಟರ್ ತಂದ. ಯಾವುದೋ ಆರ್ಕೆಸ್ಟ್ರಾದವರು ಬಳಸಿ ಬಿಟ್ಟದ್ದು. ಅದರೊಳಗೆ ದೀಪ ಆಡಿಸುವ ಸಾಫ್ಟ್‌ವೇರ್ ಇತ್ತು. ಯಾವ ದೀಪ ಎಷ್ಟು ಉರಿಯಬೇಕೆಂದು ಒಮ್ಮೆ ಹೊಂದಿಸಿ, ಹೆಸರು ಕೊಟ್ಟು ಕೂಡಿಟ್ಟರೆ ಅದೊಂದು ಪ್ರೀಸೆಟ್. ಆಮೇಲೆ ಆ ಹೆಸರಿನ ಮೇಲೆ ನಿಂತು ಗುಂಡಿ ಒತ್ತಿದರೆ ಸಾಕು, ಸ್ಟೇಜಿನ ಮೇಲೆ ಬೆಳಗಾಗಬೇಕಿದ್ದರೆ ಬೆಳಗು, ಬೈಗಾಗಬೇಕಿದ್ದರೆ ಬೈಗು. ಇದನ್ನು ಕಲಿಸಿಕೊಡಲು ಬಂದವನು ಎರಡು ದಿನ ಇದ್ದು, ಪಳನಿಗೆ ಹೋಗಿ ಮುಡಿ ಕೊಟ್ಟು, ಹಾಗೆಯೇ ಮದರಾಸಿನ ರೈಲು ಹತ್ತಿದ.

ಪೆರಿಯಸಾಮಿ ಆ ಯಂತ್ರಕ್ಕೆ ಕುಂಕುಮ ಇಟ್ಟು, ಗುಂಡಿ ಒತ್ತೋದಕ್ಕೆ ಇಬ್ಬರು ಯಾಕೆ ಅಂದ. ಯಾರ ಕಡೆಗೂ ನೋಡದೆ ಅಂದದ್ದು. ಹಾಗೆ ಅಂದರೇನೇ ಹೆಚ್ಚು ತಾಗುವುದು.

ಆ ವಾರವೆಲ್ಲ ಕರುಪ್ಪಯ್ಯ ಯಂತ್ರದ ಮುಂದಿನಿಂದ ಏಳಲಿಲ್ಲ. ನಲವತ್ತೆರಡು ಬೆಳಕು ಕೂಡಿಟ್ಟ. ಒಂದೊಂದಕ್ಕೂ ಮನೆಮಾತಿನ ಕನ್ನಡದಲ್ಲಿ ಹೆಸರಿಟ್ಟು, ಇಂಗ್ಲಿಷ್ ಅಕ್ಷರದಲ್ಲಿ ಬರೆದ. ಸ್ಟೇಜೆಲ್ಲ ಕೆಂಪಾಗುವುದು ‘ಅತ್ತೆ ಬಂದ್ಲು’. ಪಕ್ಕದಿಂದ ಕಿತ್ತಳೆ ಬಣ್ಣ ಹರಿಯುವುದು ‘ದನ ಬರೋ ಹೊತ್ತು’. ಮೂಲೆಯಲ್ಲಿ ಒಂದೇ ನೀಲಿ ಉಳಿಯುವುದು ‘ಕರೆಂಟ್ ಹೋದ ಮನೆ’. ಪೂರ್ತಿ ಕತ್ತಲು ‘ಸುಮ್ಕಿರು’. ಸೇಕರ್ ಪರದೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ ಓದಿದ, ಅರ್ಥವಾಗಲಿಲ್ಲ, ನಕ್ಕ. ಮರುತಿಂಗಳು ಅವನನ್ನು ಮೈಕಿನ ಕಡೆಗೆ ಹಾಕಿದರು, ಸಂಬಳ ಸ್ವಲ್ಪ ಇಳಿಸಿ. ಅವನು ಯಾರನ್ನೂ ಬೈಯಲಿಲ್ಲ. ಬೀಡಿ ಮಾತ್ರ ಬೇರೆ ಕಟ್ಟಾಯಿತು.

ಹೀಗೆ ಕರುಪ್ಪಯ್ಯ ತನ್ನ ಕೆಲಸಕ್ಕೆ, ಬೀಗಕ್ಕೇ ಹೆಸರಾದ ದಿಂಡಿಗಲ್ಲಿನವರೂ ಮಾಡಲಾರದಂಥ ಬೀಗ ಹಾಕಿದ. ತಾನು ಬೀಗದ ಯಾವ ಕಡೆ ನಿಂತಿದ್ದೇನೆಂದು ಮಾತ್ರ ನೋಡಿಕೊಂಡಿರಲಿಲ್ಲ. ಇನ್ನೊಬ್ಬರಿಗೆ ಒತ್ತಲು ಬಾರದ ಗುಂಡಿಯನ್ನು ಪ್ರತಿದಿನ ತಾನೇ ಒತ್ತಬೇಕಲ್ಲ. ಜ್ವರವಿರಲಿ, ಹಬ್ಬವಿರಲಿ, ಹಾಲ್‌ನ ಹಿಂದುಗಡೆ ಪ್ಲೈವುಡ್ ಬಡಿದು ಮಾಡಿದ ಆರಡಿ ನಾಲ್ಕಡಿಯ ಗೂಡಿನಲ್ಲಿ ಕರುಪ್ಪಯ್ಯ ಇರಲೇಬೇಕು. ತೋಡಿದ್ದೂ ತಾನೇ, ಬಿದ್ದದ್ದೂ ತಾನೇ. ಗುಂಡಿ ಅಂದರೆ ಗುಂಡಿಯೇ.

ತೊಂಬತ್ತೆಂಟರ ಮೇ ತಿಂಗಳು ಕಂಪನಿ ದಿಂಡಿಗಲ್ಲಿನ ಒಂದು ಹಾಲ್‌ನಲ್ಲಿ ಆಡುತ್ತಿತ್ತು. ಮಗನನ್ನು ಮನೆಯಿಂದ ಅಟ್ಟಿ ಆಮೇಲೆ ಕೊರಗುವ ಅಪ್ಪನ ನಾಟಕ. ದಿನಾ ಮಧ್ಯಾಹ್ನ ಒಂದಾಟ, ಭಾನುವಾರ ಬೆಳಿಗ್ಗೆ ಹತ್ತಕ್ಕೆ ಇನ್ನೊಂದು. ಆಗ ಬೋಡಿಯಿಂದ ತಂಗಿ ತಿಲಗವತಿಯ ಫೋನ್ ಬಂತು. ಅವಳ ಎರಡನೆಯ ಮಗಳು, ಒಂದು ವರ್ಷದ ಸರಣ್ಯಾಗೆ ಬರುವ ಭಾನುವಾರ ಕಿವಿ ಚುಚ್ಚುವ ಶಾಸ್ತ್ರ. ಮುಹೂರ್ತ ಹತ್ತೂವರೆಯಿಂದ ಹನ್ನೊಂದೂಕಾಲು.

ಆ ಕಡೆ ಕಿವಿ ಚುಚ್ಚುವಾಗ ಮಗು ಕೂರಬೇಕಾದದ್ದು ಸೋದರಮಾವನ ತೊಡೆಯ ಮೇಲೆ. ಅಪ್ಪನ ತೊಡೆ ನಡೆಯುವುದಿಲ್ಲ, ಅಜ್ಜನದೂ ನಡೆಯುವುದಿಲ್ಲ. ದೊಡ್ಡ ಮಗಳ ಶಾಸ್ತ್ರದ ದಿನ ಕರುಪ್ಪಯ್ಯ ಪೊಳ್ಳಾಚಿಯಲ್ಲಿ ಗುಂಡಿ ಒತ್ತುತ್ತಿದ್ದ. ದಾಯಾದಿಯೊಬ್ಬ ಬಂದು ಕೂತು, ಊಟ ಮಾಡಿ, ಆ ತೊಡೆಯ ಪುಣ್ಯವನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಿದ್ದಾನೆ. ತಿಲಗವತಿ ಅಣ್ಣನ ಜೊತೆ ಹತ್ತು ತಿಂಗಳು ಮಾತು ಬಿಟ್ಟಿದ್ದಳು.

“ಅಣ್ಣಾ, ದೊಡ್ಡೋಳಿಗೆ ಎರವಲು ತೊಡೆ ಈಸ್ಕೊಂಡೆ,” ಎಂದಳು ಫೋನಿನಲ್ಲಿ. “ಇವಳಿಗೆ ಈಸ್ಕೊಳಕ್ಕಿಲ್ಲ. ನೀ ಬರ್ದಿದ್ರೆ ಮಗಿನ ಕಿವಿ ಹಂಗೇ ಇರ್ಲಿ. ದೊಡ್ಡೋಳಾಗಿ ಕೇಳಿದ್ರೆ, ನಿಮ್ಮ ಮಾಮ ಇನ್ನೂ ಲೈಟ್ ಹಾಕ್ತಾ ಅವ್ನೆ ಅಂತೀನಿ.”

ಮೊದಲಾಳಿಯನ್ನು ರಜೆ ಕೇಳಿದ. ಧಾರಾಳವಾಗಿ ಹೋಗು, ಯಾರಿಗೆ ಹೇಳಿಕೊಟ್ಟು ಹೋಗ್ತೀಯ ಎಂದ ಪೆರಿಯಸಾಮಿ. ಚೀಟಿಯಲ್ಲಿ ಕ್ರಮವಾಗಿ ಬರೆದುಕೊಟ್ಟರೆ ಆಗುತ್ತಿರಲಿಲ್ಲ. ಹಾಸ್ಯದ ಮುರುಗನ್ ಜನ ನಕ್ಕರೆ ಐದು ನಿಮಿಷದ ದೃಶ್ಯವನ್ನು ಹದಿನೈದಕ್ಕೆ ಎಳೆಯುವವನು, ನಗದಿದ್ದರೆ ಎರಡಕ್ಕೇ ಮುಗಿಸಿ ಮುಂದಿನದಕ್ಕೆ ಹಾರುವವನು. ಸ್ಟೇಜ್ ನೋಡಿ, ಹೆಸರು ನೋಡಿ ಒತ್ತಬೇಕು. ಉಳಿದ ದಾರಿ ಒಂದೇ: ಹೆಸರುಗಳನ್ನು ತಮಿಳಿಗೆ ತಿರುಗಿಸಿ ಸೇಕರ್‌ಗೆ ಒಪ್ಪಿಸುವುದು. ಬಾಗಿಲು ತೆರೆದೇ ಇತ್ತು. ಆದರೆ ಈಚೆ ಬಂದವನು ಮತ್ತೆ ಒಳಗೆ ಹೋಗುವ ಹಾಗಿರಲಿಲ್ಲ, ಗುಂಡಿಗೆ ಇಬ್ಬರು ಯಾಕೆಂದು ಮೊದಲಾಳಿ ಆಗಲೇ ಅಂದಿದ್ದ. ಶುಕ್ರವಾರ ಕೂತು ನಾಲ್ಕು ಹೆಸರು ಬದಲಾಯಿಸಿದ. ಹಿಂದೆ ನಿಂತಿದ್ದ ಸೇಕರ್ ಅವನ್ನು ಮೆಲ್ಲಗೆ ಓದಿದ, ಈ ಸಲ ಅರ್ಥವಾಗಿ ತಲೆಯಾಡಿಸಿದ. ಅವನು ಆಚೆ ಹೋದ ಮೇಲೆ ಕರುಪ್ಪಯ್ಯ ನಾಲ್ಕನ್ನೂ ಮೊದಲಿನಂತೆ ಮಾಡಿಟ್ಟು, ಬೋಡಿಗೆ ಫೋನ್ ಮಾಡಿ ಆಗುವುದಿಲ್ಲ ಎಂದ. ತಂಗಿ ಫೋನ್ ಇಟ್ಟಳು.

ಭಾನುವಾರ ಹತ್ತೂಮುಕ್ಕಾಲು. ಸ್ಟೇಜಿನ ಮೇಲೆ ಅಪ್ಪ ಮಗನನ್ನು ಅಟ್ಟಿಯಾಗಿತ್ತು. ಗೂಡಿನ ಬಾಗಿಲು ತೆರೆಯಿತು. ಮೊದಲು ಒಳಗೆ ಬಂದವಳು ಕರುಪ್ಪಯ್ಯನ ಹೆಂಡತಿ ಪಾಂಡೀಶ್ವರಿ, ಕೈಯಲ್ಲಿ ಬಾಳೆಹಣ್ಣಿನ ತಟ್ಟೆ. ಹಿಂದೆ ತಿಲಗವತಿ, ಅವಳ ಸೊಂಟದ ಮೇಲೆ ಬೋಳುತಲೆಗೆ ಗಂಧ ಬಳಿದುಕೊಂಡ ಸರಣ್ಯಾ. ಅವರ ಹಿಂದೆ ಪತ್ತಾರ ಆಂಡಿ, ಬಾಯಲ್ಲಿ ಚಿನ್ನದ ತಂತಿ ಕಚ್ಚಿಕೊಂಡು. ಬೆಳಗಿನ ಜಾವ ಮನೆದೇವರ ಗುಡಿಯಲ್ಲಿ ಮುಡಿ ಇಳಿಸಿ, ವ್ಯಾನ್ ಮಾಡಿಕೊಂಡು ನೇರ ಬಂದಿದ್ದರು. ಇನ್ನೂ ಹದಿನೆಂಟು ಜನ ಹಾಲ್‌ನ ಮೆಟ್ಟಿಲ ಮೇಲೆ ಕೂತಿದ್ದರು.

“ತೊಡೆ ಬರ್ಲಿಲ್ಲ ಅಂತ ಕಿವೀನೇ ಬಂದದೆ,” ಎಂದಳು ತಿಲಗವತಿ. “ಕಾಲು ಜೋಡ್ಸು.”

ಎದ್ದು ಓಡಲು ಜಾಗವಿರಲಿಲ್ಲ. ಬಾಗಿಲಿಗೆ ಆಂಡಿ ಅಡ್ಡ, ಗಾಜಿನಾಚೆ ಸ್ಟೇಜ್ ಅಡ್ಡ. ಕರುಪ್ಪಯ್ಯ ಕಾಲು ಜೋಡಿಸಿದ. ಎಡಗೈಯಲ್ಲಿ ಮಗುವನ್ನು ಅಪ್ಪಿ, ಬಲಗೈಯನ್ನು ಗುಂಡಿಯ ಮೇಲೆ ಇಟ್ಟುಕೊಂಡ. ಪಾಂಡೀಶ್ವರಿ ಪರದೆಯನ್ನು ಹತ್ತಿರದಿಂದ ನೋಡುತ್ತಿದ್ದಳು. ಹತ್ತನೆಯವರೆಗೆ ಓದಿದವಳು, ಗಂಡನನ್ನು ಆ ಕಡೆಯ ವಾಡಿಕೆಯಂತೆ ಮಾಮ ಎನ್ನುವವಳು.

“ಮಾಮ, ಇದೇನು? ‘ಪಾಂಡಿ ಮುನಿಸು’ ಅಂತ ಅದೆ?”

“ಸೊಗಸಾದ ಲೈಟು ಅದು,” ಎಂದ ಕರುಪ್ಪಯ್ಯ, ತಿರುಗದೆ. ಸ್ಟೇಜಿನ ದೀಪಗಳೆಲ್ಲ ಒಂದೊಂದಾಗಿ ಆರುವ ಬೆಳಕು ಅದೆಂದು ಹೇಳುವ ಗಳಿಗೆ ಅದಾಗಿರಲಿಲ್ಲ.

ಸ್ಟೇಜಿನ ಮೇಲೆ ‘ಕರೆಂಟ್ ಹೋದ ಮನೆ’. ನೀಲಿಯಲ್ಲಿ ಅಪ್ಪ ಹೊಸ್ತಿಲ ಮೇಲೆ ಕೂತು ಅಳುತ್ತಿದ್ದ. ಆಂಡಿ ಎಡಗಿವಿ ಹಿಡಿದು ತಂತಿ ತೂರಿಸಿದ. ಸರಣ್ಯಾ ಒಂದು ಗಳಿಗೆ ಸುಮ್ಮನಿದ್ದು, ಆಮೇಲೆ ಮೈಯೆಲ್ಲ ಬಿಲ್ಲಾಗಿಸಿ ಕಿರುಚಿ ಒದ್ದಳು. ಕಾಲು ಕೀಬೋರ್ಡಿಗೆ ಬಿತ್ತು. ಅಳುತ್ತಿದ್ದ ಅಪ್ಪನ ಮೇಲೆ ಧಗಧಗನೆ ‘ಅತ್ತೆ ಬಂದ್ಲು’ ಇಳಿಯಿತು. ಅವನು ಕಣ್ಣಿಗೆ ಕೈ ಮರೆಮಾಡಿ ಸುತ್ತ ನೋಡಿದ. ಮನೆಗೆ ಬೆಂಕಿ ಬಿದ್ದ ಹಾಗೆ ಕಂಡಿತು. ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು.

ಬಲಗೈಯಿಂದ ಸರಿಮಾಡಹೋದ ಕರುಪ್ಪಯ್ಯನ ತೊಡೆಯಿಂದ ಮಗು ಜಾರತೊಡಗಿತು. ಆಂಡಿ ಕೈ ತಡೆದ. ಎರಡೂ ಕೈಯಲ್ಲಿ ಹಿಡೀದಿದ್ರೆ ಇನ್ನೊಂದು ಕಿವಿ ಮುಟ್ಟಲ್ಲ, ಕಣ್ಣಿಗೆ ಗಿಣ್ಣಿಗೆ ಚುಚ್ಚಿದ್ರೆ ನಾ ಹೊಣೆಯಲ್ಲ ಅಂದ. ಗಡಿಯಾರ ಹನ್ನೊಂದು ದಾಟಿತ್ತು. ತಿಲಗವತಿ ಅಣ್ಣನ ಬಲಗೈಯನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಕೆಂಪು ಬೆಳಕು ಕಂಡು ಮೈಕ್ ಬಿಟ್ಟು ಓಡಿ ಬಂದ ಸೇಕರ್ ಆಂಡಿಯ ಹೆಗಲ ಮೇಲಿನಿಂದ ತಲೆ ತೂರಿಸಿದ. ಅಲ್ಲಿಂದಲೇ ಕೈ ಚಾಚಿ ಕೀಬೋರ್ಡಿನ ಮೇಲಿಟ್ಟು, ಯಾವುದು ಅಂತ ತಮಿಳಿನಲ್ಲಿ ಕೇಳಿದ. ಅಷ್ಟೇ ಕೇಳಿದ.

ಕರುಪ್ಪಯ್ಯ ಬಲಗೈ ತೆಗೆದ. ಎರಡೂ ಕೈಯಲ್ಲಿ ಮಗುವಿನ ತಲೆಯನ್ನು ಎದೆಗೆ ಒತ್ತಿ ಹಿಡಿದು, ಮೇಲಿಂದ ಏಳನೆಯದು, ಕರೆಂಟು ಹೋದ ಮನೆ ಅಂತ ಅದರ ಅರ್ಥ ಎಂದು ತಮಿಳಿನಲ್ಲಿ ಹೇಳಿದ. ನೀಲಿ ಬಂತು. ಆಂಡಿ ಬಲಗಿವಿ ಹಿಡಿದ. ಮಗ ಮರಳುವ ದೃಶ್ಯ ಬಂದಾಗ, ದನಗಳು ಮನೆಗೆ ಬರೋ ಹೊತ್ತು ಎಂದ. ಕಿತ್ತಳೆ ಹರಿಯಿತು. ಗಂಧದ ವಾಸನೆಯ ಆ ಬೋಳುತಲೆ ಎದೆಯ ಮೇಲೆ ಬಿಕ್ಕುತ್ತಿದ್ದರೆ, ಎರಡು ವರ್ಷ ಕಾಪಾಡಿದ ಹೆಸರುಗಳು ಒಂದೊಂದಾಗಿ ತಮಿಳಾಗಿ ಸೇಕರನ ಬೆರಳಿಗೆ ಹೋದವು. ಒಟ್ಟು ಹನ್ನೊಂದು. ಸೇಕರ್ ಒಂದರಲ್ಲೂ ತಪ್ಪಲಿಲ್ಲ. ಕೈ ಹಳೆಯದಲ್ಲವೆ.

ಆಟ ಮುಗಿದ ಮೇಲೆ ಪೆರಿಯಸಾಮಿ ಬಂದು ಬಾಳೆಹಣ್ಣು ತಿಂದ, ಮಗುವಿನ ಕೈಗೆ ಹತ್ತು ರೂಪಾಯಿ ಇಟ್ಟ. ಸೇಕರ್ ಇದ್ದಾನಲ್ಲ, ಇನ್ನು ನೀನು ಬೇಕಾದಾಗ ಊರಿಗೆ ಹೋಗಿ ಬರಬಹುದು ಎಂದ ಕರುಪ್ಪಯ್ಯನಿಗೆ. ಒಂದು ವಾರದಿಂದ ಕೇಳಬೇಕೆಂದಿದ್ದ ಮಾತು. ಎರಡು ವರ್ಷದಿಂದ ಕೇಳಬಾರದೆಂದಿದ್ದ ಮಾತೂ ಅದೇ.

ವ್ಯಾನ್ ಹೊರಟಿತು. ತಿಲಗವತಿ ಕಿಟಕಿಯಿಂದ, ಬೈಯದೆ, ಕೈ ಬೀಸಿದಳು. ಮಧ್ಯಾಹ್ನದ ಆಟಕ್ಕೆ ಇನ್ನೂ ಎರಡು ಗಂಟೆಯಿತ್ತು. ಕರುಪ್ಪಯ್ಯ ಗೂಡಿಗೆ ಹೋಗಿ ಸೇಕರ್‌ಗೂ ಒಂದು ಸ್ಟೂಲ್ ಎಳೆದ. ಸೇಕರ್ ಕೂತು, ತನ್ನ ಕಟ್ಟಿನಿಂದ ಒಂದು ಬೀಡಿ ತೆಗೆದು ಕೊಟ್ಟ. ಹೆಸರುಗಳು ಒಂದೊಂದಾಗಿ ಬದಲಾದವು. ನಲವತ್ತೊಂದು. ಕೊನೆಗೆ ಉಳಿದದ್ದು ‘ಪಾಂಡಿ ಮುನಿಸು’. ಇದರ ಅರ್ಥವೇನೆಂದು ಸೇಕರ್ ಕೇಳಿದ.

ಗೂಡಿನ ಬಾಗಿಲು ತೆರೆದಿತ್ತು, ಕರುಪ್ಪಯ್ಯ ಎದ್ದು ಹೋಗಲಿಲ್ಲ.

“ಅದು ಬೇಕಾದಾಗ,” ಎಂದ, “ನನ್ನನ್ನು ಕರಿ.”