ಒಳಗಡೆ ಸವೆದ ಚಪ್ಪಲಿ

ಯಾರ ಮನೆಗೆ ಹೋದರೂ ನಾನು ಮೊದಲು ನೋಡುವುದು ಮನೆಯವರ ಮುಖವನ್ನಲ್ಲ, ಬಾಗಿಲಾಚೆ ಬಿಟ್ಟಿರುವ ಚಪ್ಪಲಿಗಳನ್ನು. ಇದು ಒಳ್ಳೆಯ ಅಭ್ಯಾಸವಲ್ಲವೆಂದು ನನಗೂ ಗೊತ್ತು. ಕಾಫಿಗೆ ಕರೆದವರ ಬಾಗಿಲಲ್ಲಿ ಬಗ್ಗಿ ನಿಂತು ಅವರ ಚಪ್ಪಲಿಯ ಹಿಮ್ಮಡಿ ಪರೀಕ್ಷಿಸುತ್ತಿದ್ದರೆ ಒಳಗಿನವರು ಏನೆಂದುಕೊಂಡಾರು? "ಏನಾದ್ರೂ ಬೀಳಿಸ್ಕೊಂಡ್ರಾ ಟೀಚರ್?" ಎಂದು ಕೇಳಿಸಿಕೊಂಡದ್ದೂ ಉಂಟು. ಆದರೂ ಬಿಡಲಾಗದು. ಚಪ್ಪಲಿ ಎಲ್ಲಿ ಸವೆದಿದೆ ಎಂದು ನೋಡಿದರೆ ಸಾಕು, ಅದರ ಒಡೆಯರು ಹೇಗೆ ನಡೆಯುತ್ತಾರೆ ಎಂದು ಹೇಳಬಹುದು. ಬಹಳ ಜನರದು ಹಿಮ್ಮಡಿಯ ಹೊರ ಅಂಚಿನಲ್ಲಿ ಒಂದಿಷ್ಟು ಸವೆದಿರುತ್ತದೆ. ನನ್ನದು ಒಳಗಡೆ. ಜೋಡಿಯಾಗಿ ಬಿಟ್ಟರೆ ಎರಡೂ ಏನೋ ಚಾಡಿ ಮಾತಾಡಿಕೊಳ್ಳುವಂತೆ ಒಂದರ ಕಡೆಗೊಂದು ವಾಲಿಕೊಂಡಿರುತ್ತವೆ. ಈ ವಿದ್ಯೆ ನನಗೆ ಒಂದಿಷ್ಟು ತಿಂಗಳು ಮೊದಲೇ ಬಂದಿದ್ದರೆ ಎಂಬ ಕೊರಗು ಮಾತ್ರ ಇವತ್ತಿಗೂ ಹೋಗಿಲ್ಲ.

ನನ್ನ ಪಾದ ಹುಟ್ಟಾ ಚಪ್ಪಟೆ. ಮದುವೆಯಾಗಿ ಬಸವೇಶ್ವರನಗರದ ಈ ಮನೆಗೆ ಬಂದ ಹೊಸದರಲ್ಲಿ, ಸ್ನಾನ ಮುಗಿಸಿ ಗಾರೆ ನೆಲದ ಮೇಲೆ ನಡೆದರೆ ಬೆರಳಿನಿಂದ ಹಿಮ್ಮಡಿಯವರೆಗೆ ಇಡೀ ಹೆಜ್ಜೆ ಒಂದೇ ಹಲಗೆಯಾಗಿ ಮೂಡುತ್ತಿತ್ತು. ಅತ್ತೆ ಅದನ್ನು ನೋಡಿ, "ನಿನ್ನ ಹೆಜ್ಜೆ ಒರೆಸಕ್ಕೇ ಬೇರೆ ಬಟ್ಟೆ ಇಡ್ಬೇಕು ಕಣೇ" ಎಂದಿದ್ದರು. ಕಾಲ್ಗುಣದ ಬಗ್ಗೆ ನಮ್ಮವರಿಗೆ ಎಷ್ಟು ಕಾಳಜಿ ನೋಡಿ. ಸೊಸೆ ಬಲಗಾಲಿಟ್ಟಳೇ, ಸೇರು ಒದ್ದಳೇ, ಅಕ್ಕಿ ಎಷ್ಟು ದೂರ ಚೆಲ್ಲಿತು, ಎಲ್ಲವನ್ನೂ ಗಮನಿಸುತ್ತಾರೆ. ಆ ಕಾಲು ಯಾವ ಕಡೆಗೆ ವಾಲುತ್ತದೆ ಎಂದು ಮಾತ್ರ ಯಾರೂ ನೋಡುವುದಿಲ್ಲ. ಗೋಕುಲಾಷ್ಟಮಿಯ ದಿನ ಅಕ್ಕಿಹಿಟ್ಟಿನಲ್ಲಿ ಮುಷ್ಟಿ ಅದ್ದಿ ಹೊಸಿಲಿನಿಂದ ದೇವರಮನೆಯವರೆಗೆ ಕೃಷ್ಣನ ಪುಟ್ಟ ಹೆಜ್ಜೆ ಒತ್ತುತ್ತೇವಲ್ಲ, ಅದರ ಒಳಬದಿಯಲ್ಲಿ ಎಂಥ ಚಂದದ ಬಾಗು ಬರುತ್ತದೆ. ನನ್ನ ಮುಷ್ಟಿಗಿರುವ ಆ ಬಾಗು ನನ್ನ ಪಾದಕ್ಕಿಲ್ಲ. ವರ್ಷಾವರ್ಷಾ ಕೈಯಾರೆ ಅವನಿಗೆ ಒಳ್ಳೆಯ ಪಾದ ಮಾಡಿಕೊಟ್ಟಿದ್ದೇನೆ, ಅವನಿಗೆ ಮಾತ್ರ ನನ್ನ ನೆನಪಾಗಲಿಲ್ಲ.

ಆದರೆ ಆ ಕಾಲಲ್ಲೇ ಐವತ್ತರ ಹತ್ತಿರದವರೆಗೆ ದಿನವಿಡೀ ನಿಂತು ಮಕ್ಕಳಿಗೆ ಗಣಿತ ಕಲಿಸಿದೆ, ಏನೂ ತೊಂದರೆಯಾಗಲಿಲ್ಲ. ಎದುರುಮನೆಗೆ ಗಂಗಕ್ಕ ಬಾಡಿಗೆಗೆ ಬಂದ ಮೇಲೆ ಅವೇ ಕಾಲುಗಳಿಗೆ ವಾಕಿಂಗ್ ಎಂಬ ಹೊಸ ಚಟ ಹತ್ತಿತು. ಗಂಗಕ್ಕ ಬೈಲಹೊಂಗಲದ ಕಡೆಯವರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರಾದರೂ ನಾನು ಅಕ್ಕ ಎನ್ನುತ್ತಿದ್ದೆ, ಅವರು ನನ್ನನ್ನು "ಟೀಚರ್ರ" ಎನ್ನುತ್ತಿದ್ದರು. ಆಗ ಮೊಬೈಲ್ ಹೊಸದು, ಮಾತಾಡಿದರೆ ದುಡ್ಡು, ಹಾಗಾಗಿ ಊರೆಲ್ಲ ಮಿಸ್ಡ್ ಕಾಲ್‌ನಲ್ಲೇ ನಡೆಯುತ್ತಿತ್ತು. ಬೆಳಿಗ್ಗೆ ಒಂದು ಸಲ ಹೊಡೆದುಕೊಂಡು ನಿಂತರೆ ಗಂಗಕ್ಕ ಗೇಟಿನ ಹತ್ತಿರ ಬಂದಿದ್ದಾರೆ ಎಂದು ಅರ್ಥ. ಪಾರ್ಕಿನಲ್ಲಿ ಸುತ್ತು ಹಾಕುತ್ತಾ ಅವರು ರೊಟ್ಟಿ ಬಡಿಯುವುದರಿಂದ ಹಿಡಿದು ತಮ್ಮ ನಾದಿನಿಯ ಗುಣದವರೆಗೆ ಮಾತಾಡುತ್ತಿದ್ದರು. ಮನೆಯಲ್ಲಿ ಬೇಕಾದ್ದಕ್ಕೆ ಮಾತ್ರ ಬಾಯಿಬಿಡುವ ನಾನು ಅಲ್ಲಿ ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದೆ. ನಡೆಯುತ್ತಾ ಮಾತಾಡುವುದರಲ್ಲಿ ಒಂದು ಸುಖವಿದೆ: ಎದುರಿನವರ ಕಣ್ಣು ನೋಡಬೇಕಾಗಿಲ್ಲ.

ಇದಕ್ಕೊಂದು ಗಡುವೂ ಇತ್ತು. ಅವರ ಸ್ವಂತ ಮನೆ ಬ್ಯಾಡರಹಳ್ಳಿಯಲ್ಲಿ ಏಳುತ್ತಿತ್ತು, ದೀಪಾವಳಿ ಕಳೆದ ಕೂಡಲೇ ಗೃಹಪ್ರವೇಶ. "ಅಷ್ಟರಾಗ ನಿಮ್ಮ ಕೂಡ ಎಷ್ಟು ಅಡ್ಡಾಡೂದೈತಿ ಅಷ್ಟೂ ಅಡ್ಡಾಡಿಬಿಡ್ತೀನ್ರೀ ಟೀಚರ್ರ" ಎಂದಿದ್ದರು. ನನಗೂ ಅದೇ ಆಸೆ. ಆ ಬೆಳಗುಗಳು ಮತ್ತೆ ಸಿಗುವಂಥವಲ್ಲ ಎಂದು ಚೆನ್ನಾಗಿ ಗೊತ್ತಿತ್ತು. ಸರಿಯಾಗಿ ಆಗಲೇ ನನ್ನ ಮಂಡಿಯ ಒಳಬದಿ ನೋಯಲು ಶುರುವಾಯಿತು. ಒಳ್ಳೆಯ ಷೂ ಹಾಕಿದರೆ ಸರಿಹೋಗುತ್ತದೆ ಎಂದು ಯಜಮಾನರು ನನ್ನನ್ನು ರಾಜಾಜಿನಗರದ ಅಂಗಡಿಯೊಂದಕ್ಕೆ ಕರೆದುಕೊಂಡು ಹೋದರು.

ನಾವು ಷೂ ಆರಿಸುವ ಕ್ರಮವನ್ನು ನೆನೆದರೆ ಈಗ ನಗು ಬರುತ್ತದೆ, ಹಿಂದೆಯೇ ಹೊಟ್ಟೆ ಉರಿಯುತ್ತದೆ. ನಡೆಯಲು ಬೇಕಾದ ವಸ್ತುವನ್ನು ಕೂತು ಆರಿಸುತ್ತೇವೆ. ಅಂಗಡಿಯವನು, "ಹತ್ತಿ ಮೇಲೆ ನಡೆದಂಗಿರುತ್ತೆ ಮೇಡಂ" ಎಂದ. ಯಜಮಾನರು ಬೇಕರಿಯಲ್ಲಿ ಬನ್ನು ಅದುಮುವಂತೆ ಹೆಬ್ಬೆರಳಿನಿಂದ ಒತ್ತಿ ನೋಡಿ, "ಭಾಳ ಮೆತ್ತಗಿದೆ, ತಗೊ" ಎಂದರು. ಒಂದು ನಂಬರ್ ದೊಡ್ಡದೇ ಇರಲಿ ಎಂದೂ ಸೇರಿಸಿದರು. ಬೆಳೆಯುವ ಕಾಲು ಎಂದು ಚಿಕ್ಕಂದಿನಲ್ಲಿ ದೊಡ್ಡ ಷೂ ತೊಡಿಸಿಕೊಂಡ ತಲೆಮಾರು ನಮ್ಮದು, ಐವತ್ತರಲ್ಲೂ ಕಾಲು ಬೆಳೆದೀತೆಂಬ ಭರವಸೆ. ನಾನೋ, ಪಾದದ ಮಟ್ಟಕ್ಕೆ ಇಟ್ಟ ಕನ್ನಡಿಯಲ್ಲಿ ಸೀರೆಯ ಅಂಚಿಗೆ ಷೂವಿನ ಬಣ್ಣ ಒಪ್ಪುತ್ತದೆಯೇ ಎಂದು ನೋಡಿದೆ. ಮಕ್ಕಳ ಕೈಗೆ ಕೋನಮಾಪಕ ಕೊಟ್ಟು ಬದುಕಿದವಳು, ಅದೇ ಕನ್ನಡಿಯಲ್ಲಿ ಕಾಣುತ್ತಿದ್ದ ನನ್ನ ಹಿಮ್ಮಡಿಯ ಕೋನ ನೋಡಲಿಲ್ಲ.

ಮರುದಿನ ಸೀರೆಯ ಕೆಳಗೆ ಬೆಳ್ಳನೆಯ ಷೂ ಹಾಕಿಕೊಂಡು ಹೊರಟರೆ ಗಂಗಕ್ಕ, "ಪಾರ್ಕಿಗೆ ಹೊಂಟೀರೋ, ಪರೇಡಿಗೆ ಹೊಂಟೀರೋ?" ಎಂದು ನಕ್ಕರು. ನಗಲಿ, ನೋವು ಹೋದರೆ ಸಾಕೆಂದುಕೊಂಡೆ. ನೋವು ಹೆಚ್ಚಾಯಿತು. ನಾನು ಷೂವನ್ನು ದೂರಲಿಲ್ಲ, ಅಷ್ಟು ಬೆಲೆಯ ಮೆತ್ತಗಿನ ಷೂ ತಪ್ಪು ಮಾಡೀತೇ? ವಯಸ್ಸನ್ನು ದೂರಿದೆ, ನಡಿಗೆಯನ್ನೇ ದೂರಿದೆ. ಬೆಳಿಗ್ಗೆ ಮೊಬೈಲ್ ಹೊಡೆದುಕೊಂಡರೆ ಕಿಟಕಿಯಿಂದ, "ಇವತ್ತಾಗಲ್ಲ ಗಂಗಕ್ಕ, ನಾಳೆ ಬರ್ತೀನಿ" ಎನ್ನತೊಡಗಿದೆ. ಅವರು, "ಆತು ಬಿಡ್ರಿ, ನೀವಿಲ್ದ ನನಗೂ ಬ್ಯಾಸರ" ಎಂದು ಒಂದೊಂದು ದಿನ ಗೇಟಿನಿಂದಲೇ ಮನೆಗೆ ಹಿಂತಿರುಗುತ್ತಿದ್ದರು. ಪರದೆಯ ಹಿಂದೆ ನಿಂತು ಅವರ ಬೆನ್ನು ನೋಡುವಾಗ ಸಂಕಟವಾಗುತ್ತಿತ್ತು.

ಅಷ್ಟರಲ್ಲಿ ವರಮಹಾಲಕ್ಷ್ಮಿ ಹಬ್ಬ ಬಂತು. ಆ ಸಂಜೆ ನಮ್ಮ ಕಡೆ ಯಾವ ಮನೆಯ ಬಾಗಿಲು ನೋಡಿದರೂ ಚಪ್ಪಲಿಗಳ ರಾಶಿ. ಎರಡು ಕ್ರಾಸ್ ಆಚೆಯ ಮನೆಗೆ ನಾನೂ ಗಂಗಕ್ಕನೂ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಅಲ್ಲಿಗೆಲ್ಲ ಷೂ ಹಾಕಿಕೊಂಡು ಹೋಗಲಾದೀತೇ? ಇಬ್ಬರೂ ವಿಜಯನಗರದ ಫುಟ್‌ಪಾತಿನಲ್ಲಿ ಒಟ್ಟಿಗೆ ಕೊಂಡಿದ್ದ ಮರೂನ್ ಚಪ್ಪಲಿ ಮೆಟ್ಟಿದ್ದೆವು, ಒಂದೇ ನಂಬರ್, ಒಂದೇ ಬಣ್ಣ. ಗಂಗಕ್ಕ ಇನ್ನೂ ಹರಟುತ್ತಾ ಕೂತಿದ್ದಾಗ ನಾನು ಒಂದು ಕೈಯಲ್ಲಿ ತಾಂಬೂಲ, ಇನ್ನೊಂದರಲ್ಲಿ ಕೋಸಂಬರಿ ಹಿಡಿದು ಹೊರಬಂದು, ಕತ್ತಲಲ್ಲಿ ಕಾಲಿಗೆ ಸಿಕ್ಕ ಮರೂನ್ ಚಪ್ಪಲಿಯಲ್ಲಿ ಮನೆಯ ದಾರಿ ಹಿಡಿದೆ. ದಾರಿಯಲ್ಲಿ ಮಂಡಿ ನೋಯಲಿಲ್ಲ. ನಮ್ಮ ಮನೆಯ ಮೆಟ್ಟಿಲು ಹತ್ತಿದರೂ ನೋಯಲಿಲ್ಲ. ನನಗೆ ಕಣ್ಣಲ್ಲಿ ನೀರೇ ಬಂತು. ನೇರ ದೇವರಮನೆಗೆ ಹೋಗಿ ಲಕ್ಷ್ಮಿಗೆ ಅಡ್ಡಬಿದ್ದು, ತಾಯೀ, ಕಡೆಗೂ ಕಣ್ಣು ಬಿಟ್ಟೆಯಲ್ಲ ಎಂದೆ.

ಬೆಳಿಗ್ಗೆ ಗಂಗಕ್ಕ ನನ್ನ ಚಪ್ಪಲಿ ಹಿಡಿದುಕೊಂಡು ಬಂದರು. "ಅದಲು ಬದಲು ಆಗ್ಯಾವ ನೋಡ್ರಿ. ನಿಮ್ಮವು ಹಾಕ್ಕೊಂಡು ನಡದ್ರ ಗಟಾರಕ್ಕ ಜಾರಿದಂಗ ಆಗ್ತೈತಿ" ಎಂದರು. ನಾನು ನಗುತ್ತಾ ಅವರದನ್ನು ಅವರಿಗೆ ಒಪ್ಪಿಸಿ ನನ್ನದನ್ನು ಮೆಟ್ಟಿಕೊಂಡೆ. ಮಧ್ಯಾಹ್ನದ ಹೊತ್ತಿಗೆ ನೋವು ವಾಪಸ್ಸು. ಆಗಲಾದರೂ ಹೊಳೆಯಬೇಕಿತ್ತು. ನನಗೆ ಹೊಳೆದದ್ದೇ ಬೇರೆ: ಹಬ್ಬದ ದಿನ ತಾಂಬೂಲ ಕೊಡುವುದರಲ್ಲಿ ಯಾರನ್ನೋ ಮರೆತಿರಬೇಕು, ಅಮ್ಮನವರಿಗೆ ಬೇಸರವಾಗಿದೆ. ಮುಂದಿನ ಶುಕ್ರವಾರ ಇನ್ನಷ್ಟು ಮುತ್ತೈದೆಯರನ್ನು ಕರೆದು, ಕುಂಟುತ್ತಲೇ ಎಲ್ಲರಿಗೂ ಕೋಸಂಬರಿ ಹಂಚಿದೆ. ಗಂಗಕ್ಕನೂ ಬಂದಿದ್ದರು. ನನ್ನ ಔಷಧಿ ನನ್ನದೇ ಬಾಗಿಲಾಚೆ, ರಂಗೋಲಿಯ ಪಕ್ಕದಲ್ಲಿ ಬಿದ್ದಿತ್ತು.

ದೀಪಾವಳಿ ಆಯಿತು. ಗಂಗಕ್ಕ ಹೋದರು. ಲಾರಿಗೆ ಸಾಮಾನು ಹೇರಿದ ಮೇಲೆ ಬಂದು ನನ್ನ ಕೈಹಿಡಿದು, "ಬರ್ರಿ ಮತ್ತ" ಎಂದರು. ಸ್ವಲ್ಪ ದಿನ ಬೆಳಿಗ್ಗೆ ಅವರ ಮಿಸ್ಡ್ ಕಾಲ್ ಬರುತ್ತಿತ್ತು. ಅಲ್ಲಿ ಅವರು ನಡೆಯಲು ಹೊರಟಿದ್ದಾರೆ ಎಂದುಕೊಳ್ಳುತ್ತಿದ್ದೆ. ಆಮೇಲೆ ಅದೂ ನಿಂತಿತು.

ಅವರು ಹೋದ ಮೇಲೆ, ಇನ್ನು ತಡೆಯಲಾಗದೆ, ವಿಜಯನಗರದಲ್ಲಿದ್ದ ಫಿಸಿಯೋಥೆರಪಿ ಡಾಕ್ಟರರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನ ಹುಡುಗಿ. ಮಂಡಿಯನ್ನು ಮುಟ್ಟುವ ಮೊದಲು ಚಪ್ಪಲಿ ತರಿಸಿ ಮಗುಚಿ ನೋಡಿದಳು. ಬರಿಗಾಲಲ್ಲಿ ನಡೆಸಿದಳು. "ಆಂಟಿ, ನಿಮ್ಮ ಪಾದ ಒಳಗಡೆಗೆ ಮಗುಚ್ಕೊಳುತ್ತೆ, ಅದರ ಜೊತೆ ಮಂಡೀನೂ ಒಳಕ್ಕೆ ತಿರುಗುತ್ತೆ. ಓವರ್‌ಪ್ರೊನೇಷನ್ ಅಂತಾರೆ. ನಿಮಗೆ ಮೆತ್ತಗಿರೋ ಷೂ ಆಗಲ್ಲ" ಎಂದಳು. ಕಾಲು ವಾಲುವ ಕಡೆಗೇ ಮೆತ್ತಗಿನ ಅಟ್ಟೆ ಕುಸಿದು, ಇನ್ನಷ್ಟು ವಾಲಲು ಜಾಗ ಮಾಡಿಕೊಡುತ್ತದಂತೆ. ನನಗೆ ಬೇಕಾದ್ದು ಒಳಬದಿಯಲ್ಲಿ ಗಟ್ಟಿಯಾದ ಅಟ್ಟೆ, ಅಂಗಾಲಿನ ನಡುವೆ ಆಸರೆ. ಹಿಮ್ಮಡಿಯ ಹಿಂಭಾಗ ಹಿಸುಕಿದರೆ ತಗ್ಗಬಾರದು, ಷೂವನ್ನು ಒದ್ದೆ ಬಟ್ಟೆಯಂತೆ ಹಿಂಡಲು ಹೋದರೆ ಹಿಂಡಿಸಿಕೊಳ್ಳಬಾರದು, ಬೆರಳಿನ ಬುಡದಲ್ಲಿ ಮಾತ್ರ ಬಾಗಬೇಕು. ಕಾಲು ಒಂದಿಷ್ಟು ಊದಿರುವ ಸಂಜೆಯ ಹೊತ್ತಿನಲ್ಲಿ ಹೋಗಿ, ಅಂಗಡಿಯೊಳಗೆ ಚೆನ್ನಾಗಿ ನಡೆದು ನೋಡಿ ಕೊಳ್ಳಬೇಕು. ನಾನು ಸುಮ್ಮನೆ, ಹೊರ ಅಂಚು ಸವೆದ ಚಪ್ಪಲಿ ನಾನು ಹಾಕಿದರೆ ಏನಾಗುತ್ತದೆ ಎಂದು ಕೇಳಿದೆ. "ಕಾಲು ಹೊರಗಡೆಗೆ ವಾಲುತ್ತೆ, ನಿಮಗೆ ಸ್ವಲ್ಪ ಆರಾಮ ಅನ್ಸಬಹುದು" ಎಂದಳು. ನಾನು ಚಪ್ಪಲಿ ಮೆಟ್ಟಿಕೊಂಡು ಎದ್ದೆ. ದಾರಿಯುದ್ದಕ್ಕೂ ಗಂಗಕ್ಕನ ಮರೂನ್ ಚಪ್ಪಲಿಯೇ ಕಣ್ಣಮುಂದೆ. ಅವತ್ತೇ ಒಂದು ಸಲ ಮಗುಚಿ ನೋಡಿದ್ದರೆ ದೀಪಾವಳಿಯವರೆಗೂ ಅವರ ಜೊತೆ ನಡೆಯಬಹುದಿತ್ತು. ಹೋದದ್ದು ಹೋಯಿತು ಎನ್ನುವುದು ಬಾಯಿಗೆ ಸುಲಭ.

ಗಟ್ಟಿ ಷೂ ಕೊಂಡೆ. ನೋವು ನಿಧಾನವಾಗಿ ಇಳಿಯಿತು. ಪಾರ್ಕಿನಲ್ಲಿ ಒಬ್ಬಳೇ, ನೆಟ್ಟಗೆ ನಡೆಯುತ್ತಿದ್ದೆ. ಒಂದು ಭಾನುವಾರ ಆ ಷೂ ಹಾಕಿಕೊಂಡೇ ಬಸ್ಸು ಹತ್ತಿ ಬ್ಯಾಡರಹಳ್ಳಿಗೆ ಹೋದೆ. ಗಂಗಕ್ಕ ದಪ್ಪಗಾಗಿದ್ದರು. ಪಾರ್ಕಿಲ್ಲ, ರಸ್ತೆ ಅಗೆದು ಹಾಕಿದ್ದಾರೆ, ಜೊತೆಗೂ ಯಾರಿಲ್ಲ, ಅಡ್ಡಾಡುವುದು ಬಿಟ್ಟೇಬಿಟ್ಟೆ ಎಂದರು. ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಚಪ್ಪಲಿಯ ಕಥೆ ಹೇಳಿದೆ. "ಅಯ್ಯ, ಹೇಳಿದ್ರ ಕೊಟ್ಟಬಿಡ್ತಿದ್ನಲ್ರೀ, ಚಪ್ಪಲ್ಲಿಗೇನ್ ಬಂತು" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು.

ಸಂಜೆ ಬಸ್‌ಸ್ಟಾಪಿನವರೆಗೆ ಬಂದರು. ಬಸ್ಸು ಕಾಣಿಸಿತು. ಅವರು ನನ್ನ ಷೂ ನೋಡಿ, "ಈಗ ಕಾಲು ಆರಾಮ ಅದಾವಲ್ರೀ? ಇನ್ನೊಂದ್ ಬಸ್ಸಿಗೆ ಹೋಗೀರಂತ. ಬರ್ರಿ, ಒಂದ್ ಸುತ್ತು ಅಡ್ಡಾಡಿ ಬರೂಣು" ಎಂದರು. ದೀಪ ಹಚ್ಚುವ ಹೊತ್ತಾಯಿತು, ಇನ್ನೊಂದು ಸಲ ಬರುತ್ತೇನೆ ಎಂದು ಹತ್ತಿಬಿಟ್ಟೆ. ಕಿಟಕಿಯಿಂದ ನೋಡಿದೆ. ಅವರು ಆ ಅಗೆದ ರಸ್ತೆಯಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಒಬ್ಬರೇ ಹಿಂತಿರುಗುತ್ತಿದ್ದರು. ಪರದೆಯ ಹಿಂದಿನಿಂದ ನೋಡುತ್ತಿದ್ದ ಅದೇ ಬೆನ್ನು.

ಮನೆಗೆ ಬಂದರೆ ಯಜಮಾನರು ತಾವೇ ದೀಪ ಹಚ್ಚಿ ಟೀವಿಯ ಮುಂದೆ ಕೂತಿದ್ದರು. ಆ ಇನ್ನೊಂದು ಸಲ ಇನ್ನೂ ಬಂದಿಲ್ಲ, ಒಬ್ಬಳೇ ಪಾರ್ಕಿಗೆ ಹೋಗುವುದೂ ಆಮೇಲೆ ನಿಂತಿತು. ಷೂ ಬಾಗಿಲಾಚೆ ನೆಟ್ಟಗೆ ಕೂತಿದೆ, ಎಲ್ಲಿಯೂ ಸವೆದಿಲ್ಲ. ಮಂಡಿ ನೋಯುತ್ತಿದ್ದಾಗ ನನಗೊಂದು ನೆಪವಾದರೂ ಇತ್ತು. ಸರಿಯಾದ ಷೂ ಕೊಂಡವರಿಗೆ ಅದೂ ಇರುವುದಿಲ್ಲ.