ನಾವು ಕಡಿಯದ ಬೆಂಕಿರೇಖೆ

ಗಾಳಿ ಮೊದಲು ನಿಂತಿತೋ, ಬೆಂಕಿ ಮೊದಲು ನಿಂತಿತೋ, ಅದೊಂದನ್ನು ನಾನು ಈಗಲೂ ಸರಿಯಾಗಿ ಹೇಳಲಾರೆ. ಗಾಳಿ ಮೊದಲು ಎಂದು ಬರೆದರೆ ಮುಂದೆ ಬರೆಯಲು ಏನೂ ಉಳಿಯುವುದಿಲ್ಲ. ಗಾಳಿ ಬಿದ್ದ ಮೇಲೆ ಹುಲ್ಲಿನ ಬೆಂಕಿ ಸಾಯುವುದರಲ್ಲಿ ವಿಚಿತ್ರವೇನಿದೆ? ಬೆಂಕಿ ಮೊದಲು ಎಂದು ಬರೆದರೆ, ನಾನು ಇಷ್ಟು ವರ್ಷ ಹಂಗಿಸುತ್ತ ಬಂದವರ ಸಾಲಿನಲ್ಲಿ ನಾನೇ ಹೋಗಿ ನಿಂತಂತಾಗುತ್ತದೆ. ದೆವ್ವ ಕಂಡವರು, ಸತ್ತವರ ದನಿ ಕೇಳಿದವರು, ಇವರನ್ನು ನಾನು ನಂಬಿದವನಲ್ಲ. ಅವರ ಕಥೆಗಳು ಎಲ್ಲೂ ತೊಡರದೆ ಸಾಗುತ್ತವೆ. ನಿಜವಾಗಿ ನಡೆದದ್ದು ಅಷ್ಟು ನಯವಾಗಿ ನೆನಪಿರುವುದಿಲ್ಲ. ನನ್ನ ನೆನಪಿನಲ್ಲಿ ತೂತುಗಳಿವೆ. ಮುಚ್ಚದೆ ಬರೆಯುತ್ತೇನೆ. ನೀವು ನಂಬಬೇಕೆಂದೇನೂ ಇಲ್ಲ.

ಭಾಲ್ಕಿಯಲ್ಲಿ ಬಿ.ಎ. ಮುಗಿಸಿ, ಬೀದರಿನ ಗಾಂಧಿ ಗಂಜ್ ಮಾರುಕಟ್ಟೆಯ ಒಂದು ಅಡತಿ ಅಂಗಡಿಯಲ್ಲಿ ತೊಗರಿ ಚೀಲಗಳ ಮೇಲೆ ಗುರುತು ಬರೆಯುತ್ತಿದ್ದ ಕಾಲ ಅದು. ಅರಣ್ಯ ರಕ್ಷಕರ ಹುದ್ದೆಗೆ ಅರ್ಜಿ ಕರೆದರು. ಜಿಲ್ಲೆಯ ಅರ್ಧ ಗಂಡಸರು ಬೆಳಗಾದರೆ ಮೈದಾನ ಸುತ್ತತೊಡಗಿದರು. ಬೇವು, ಜಾಲಿ ಬಿಟ್ಟು ಮೂರನೆಯ ಮರದ ಹೆಸರು ಹೇಳಲಾಗದವರೆಲ್ಲ ಕಾಡು ಕಾಯಲು ಸಿದ್ಧರಾದರು. ಕಾಡು ಯಾರಿಗೂ ಬೇಕಿರಲಿಲ್ಲ, ಖಾಯಂ ಎನ್ನುವ ಶಬ್ದ ಬೇಕಿತ್ತು. ನಾನೂ ಅದೇ ಮಂದೆಯವನು. ಓಟದಲ್ಲಿ ಪಾಸಾದೆ, ಎದೆಯ ಅಳತೆಯಲ್ಲಿ ಬಿದ್ದೆ. ಟೇಪು ಹಿಡಿದವನು "ಉಸರು ತಗೋ" ಅಂದ. ತಗೊಂಡೆ. "ತಗೋ ಅಂದ್ರ ತಗೋವಲ್ಲೆಲ್ಲೋ" ಅಂದ. ಸರ್ಕಾರಕ್ಕೆ ಬೇಕಾದಷ್ಟು ಗಾಳಿ ನನ್ನೊಳಗೆ ಹಿಡಿಸಲಿಲ್ಲ.

ಗಂಜಿನ ಚಹಾದಂಗಡಿಯಲ್ಲಿ ಒಬ್ಬ ಹಮಾಲ ದಾರಿ ತೋರಿಸಿದ: "ಬ್ಯಾಸಿಗಿಗಿ ಬೆಂಕಿ ಕಾವಲು ಸೇರ್ರಿ. ಅನುಭವ ಪತ್ರ ಕೊಡ್ತಾರ. ಅದಿದ್ರ ಮುಂದಿನ ಸಲ ನಿಮ್ಮ ಎದಿ ಯಾರೂ ಅಳಿಯಂಗಿಲ್ಲ." ಇಂಥ ನಿಯಮವನ್ನು ಕಣ್ಣಾರೆ ಓದಿದವರು ಯಾರೂ ಇರಲಿಲ್ಲ, ನಂಬದವರೂ ಯಾರೂ ಇರಲಿಲ್ಲ. ಖಾಯಂ ಕೆಲಸಕ್ಕೆ ಪುಟಗಟ್ಟಲೆ ಅರ್ಜಿ ತುಂಬಬೇಕು, ಹಂಗಾಮಿಗೆ ಮುಖವೊಂದೇ ಸಾಕು. ಜನವರಿಯಲ್ಲಿ ಔರಾದಿಗೆ ಹೋಗಿ, ಹಳೆಯ ಅಂಗಿ ತೊಟ್ಟು, ಫಾರೆಸ್ಟರ್ ಸಾಹೇಬರ ಕಣ್ಣಿಗೆ ಬೀಳುವ ತನಕ ಕಚೇರಿಯ ಗೇಟಿನ ಬಳಿ ನಿಲ್ಲುವುದು. ಮೂರನೆಯ ದಿನ ಕಣ್ಣಿಗೆ ಬಿದ್ದೆ.

ನನ್ನನ್ನು ಕಾಶಪ್ಪನ ಜೊತೆ ಹಾಕಿದರು. ಎಕಂಬಾ ಊರಿನವನು, ಐವತ್ತರ ಆಸುಪಾಸು, ಹತ್ತೊಂಬತ್ತು ಬೇಸಿಗೆ ಅದೇ ಗುಡ್ಡ ಕಾದವನು. ಹುಲ್ಲನ್ನು ಅಂಗೈಯಲ್ಲಿ ತಿಕ್ಕಿ ಮೂಸಿ, ಇದು ಇಂದು ಹತ್ತುತ್ತದೆ, ಇದು ನಾಳೆ, ಎಂದು ಹೇಳುತ್ತಿದ್ದ. ನನ್ನ ಕಿಸೆಯಲ್ಲಿ ನೋಟುಬುಕ್ಕು ಕಂಡು ಮೊದಲ ದಿನವೇ ನನಗೆ ಮಾಸ್ತರ ಎಂದು ಹೆಸರಿಟ್ಟ. ಆ ವರ್ಷ ಹಳೆಯ ಕಾವಲುಗಾರರಲ್ಲಿ ಕೆಲವರನ್ನು ಖಾಯಂ ಮಾಡುತ್ತಾರೆಂದು ಸುದ್ದಿಯಿತ್ತು. ಕಾಶಪ್ಪನ ಹೆಸರು ಬೀದರಿಗೆ ಹೋಗಿತ್ತು. ಬೇಸಿಗೆಯಲ್ಲಿ ದೊಡ್ಡ ಸಾಹೇಬರು ಬಂದು ಅವನ ಭಾಗದ ಕೆಲಸ ನೋಡಿ ಸಹಿ ಹಾಕಬೇಕು. ಬೆಂಕಿ ರೇಖೆಯನ್ನು ದಾಟಿತೋ, ಹೆಸರು ಹೋಯಿತು.

"ಮಳಿ ಬಿತ್ತಂದ್ರ ನಾ ಯಾರೂ ಅಲ್ಲ ಮಾಸ್ತರ," ಎನ್ನುತ್ತಿದ್ದ. "ಫೆಬ್ರವರಿಯಿಂದ ಮೇ ತನಕ ಅಷ್ಟೇ ನಾ ಮನಶ್ಯಾ. ಇದೊಂದ್ಸಲ ಮಳಿಗಾಲ್ದಾಗೂ ಖಾಕಿ ಹಾಕ್ಕೊಂಡ್ ನೋಡ್ಬೇಕಂತ ಅದ."

ರೇಖೆ ಎಂದರೆ ಏನು ಎಂದು ಹೇಳಿಬಿಡುತ್ತೇನೆ. ಗಡಿಕಲ್ಲಿನಿಂದ ಹಳ್ಳದ ತನಕ ಒಂದು ಅಗಲವಾದ ಪಟ್ಟಿ. ಹುಲ್ಲು ಪೂರ್ತಿ ಒಣಗುವ ಮೊದಲು ಅದನ್ನು ಕಡಿದು, ಗುಡಿಸಿ, ಕಾವಲಿಟ್ಟು ಸುಟ್ಟು ಬೋಳು ಮಾಡುತ್ತಾರೆ. ಬೇಸಿಗೆಯ ಬೆಂಕಿ ಅಲ್ಲಿಗೆ ಬಂದರೆ ಮುಂದೆ ತಿನ್ನಲು ಏನೂ ಇರುವುದಿಲ್ಲ. ಆ ವರ್ಷ ಅದನ್ನು ಕಡಿಯಬೇಕಾದ ದಿನಗಳಲ್ಲಿ ನಾವು ಬೀದರಿನಲ್ಲಿ ಫಾರೆಸ್ಟರ್ ಸಾಹೇಬರ ಮನೆಯ ಮದುವೆಗೆ ಚಪ್ಪರ ಹಾಕುತ್ತಿದ್ದೆವು. ಚಪ್ಪರವಾದ ಮೇಲೆ ಉಳ್ಳಾಗಡ್ಡಿ ಹೆಚ್ಚಿದೆವು. ಅರಣ್ಯ ಸಂರಕ್ಷಣೆಯಲ್ಲಿ ಉಳ್ಳಾಗಡ್ಡಿಯ ಪಾತ್ರವನ್ನು ನಾನು ಅಲ್ಲೇ ಕಲಿತದ್ದು. ಮರಳಿ ಬರುವಷ್ಟರಲ್ಲಿ ಹುಲ್ಲು ಕಡ್ಡಿಯಾಗಿತ್ತು, ಸುಡುವ ಹಾಗಿರಲಿಲ್ಲ. ಬರೀ ಕೈಯಿಂದ ಕಡಿಯಲು ಮೂವತ್ತು ಆಳು ಬೇಕಿತ್ತು, ಇದ್ದದ್ದು ನಾವಿಬ್ಬರು.

"ಎರಡೂ ತುದಿ ಸಾಫ್ ಮಾಡಿ ಫೋಟೋ ಹಾಕ್ರಿ," ಎಂದರು ಸಾಹೇಬರು. "ನಡುವ ಯಾರ್ ನೋಡ್ತಾರ?"

ಫೋಟೋ ತೆಗೆದವನು ನಾನು. ಕುಕ್ಕುರುಗಾಲಲ್ಲಿ ಕೂತು ತೆಗೆದರೆ ಹತ್ತು ಮಾರಿನ ದಾರಿ ಹರದಾರಿಯಂತೆ ಕಾಣುತ್ತದೆ. "ಬೀಗರಿಗಿ ತೋರ್ಸೋ ಹುಡ್ಗಿ ಫೋಟೋ ತೆಗದಂಗ ತೆಗೀಲತ್ತೀಯಲ್ಲೋ," ಎಂದು ಕಾಶಪ್ಪ ನಕ್ಕ. ಕುಡುಗೋಲು ಹಿಡಿದು ನಿಂತ, ಮುಖ ಮಾತ್ರ ಆಚೆ ತಿರುಗಿಸಿದ. ಅಕ್ಷರ ಚೆನ್ನಾಗಿದೆಯೆಂದು ನಕ್ಷೆಯ ಮೇಲೆ ರೇಖೆ ಎಳೆಯುವ ಕೆಲಸವೂ ನನಗೇ ಬಂತು. ಸ್ಕೇಲು ಇಟ್ಟು ಕೆಂಪು ಪೆನ್ನಿನಿಂದ ಎಳೆದೆ. ನಡುವೆ ಸ್ಕೇಲು ಒತ್ತಿ ಹಿಡಿದ ನನ್ನ ಬೆರಳು ಅಂಚಿನಿಂದ ಸ್ವಲ್ಪ ಆಚೆ ಬಂದಿತ್ತು. ಪೆನ್ನು ಬೆರಳನ್ನು ಬಳಸಿ ಹೋಗಿ ಒಂದು ಸಣ್ಣ ಅರ್ಧಚಂದ್ರ ಮೂಡಿತು. ಹಾಗೇ ಬಿಟ್ಟೆ. ಇಲ್ಲದ ರೇಖೆ ಸೊಟ್ಟಗಿದ್ದರೆ ಯಾರಿಗೇನು?

ಏಪ್ರಿಲ್‌ನ ಒಂದು ಮಧ್ಯಾಹ್ನ ಪಡುವಣ ಇಳಿಜಾರಿನಲ್ಲಿ ಬೆಂಕಿ ಎದ್ದಿತು. ಬೀಡಿಯೋ, ಹೊಸ ಹುಲ್ಲು ಚಿಗುರಲೆಂದು ಕುರಿಯವರು ಹಚ್ಚಿದ್ದೋ, ತಿಳಿಯದು. ನಮ್ಮ ಕೈಯಲ್ಲಿ ಎರಡು ಬೇವಿನ ಟೊಂಗೆ, ಒಂದು ಕೊಡ ನೀರು. ಫೋನು ಮಾಡಿದರೆ ಸಾಹೇಬರು "ಬರ್ಲತ್ತೀವಿ" ಅಂದರು. ಆಳೆತ್ತರದ ಬೆಂಕಿ, ಮನುಷ್ಯ ಓಡುವ ವೇಗ. ಟೊಂಗೆಯಿಂದ ಬಡಿದು ಆರಿಸುವ ಬೆಂಕಿಯಲ್ಲ ಅದು. ಆಗ ಕಾಶಪ್ಪ ಮಾಡಿದ ಕೆಲಸ ನೋಡಿ ನನಗೆ ನಿಜಕ್ಕೂ ಸಿಟ್ಟು ಬಂತು. ರೇಖೆ ಇರಬೇಕಾಗಿದ್ದ ಜಾಗಕ್ಕೆ ಓಡಿ, ಕುಡುಗೋಲಿನಿಂದ ಹುಲ್ಲು ಕಡಿಯತೊಡಗಿದ. ಅಷ್ಟು ಉದ್ದದ ಪಟ್ಟಿಯನ್ನು ಒಬ್ಬನೇ, ಬೆಂಕಿ ಎದುರಿಗೆ ಬರುತ್ತಿರುವಾಗ!

"ಕಾಕಾ, ಬಾರೋ! ಸಾಯ್ತಿ!" ಎಂದು ಕೂಗಿದೆ.

"ಅಲ್ಲಿ ನನ್ನ ಹೆಸರು ಸುಡ್ಲತ್ತದ," ಎಂದ, ತಲೆ ಎತ್ತದೆ. "ನೀ ಓಡು."

ನಾನು ಓಡಿದೆ. ಎಷ್ಟು ದೂರ ಓಡಿದೆ, ಯಾವಾಗ ತಿರುಗಿ ನೋಡಿದೆ, ನೆನಪಿಲ್ಲ. ತಿರುಗಿದಾಗ ಬೆಂಕಿ ನಿಂತಿತ್ತು. ಸೊರಗಿ ಆರಿದ್ದಲ್ಲ, ಬಾಗಿಲಲ್ಲಿ ಚಪ್ಪಲಿ ಬಿಡಲು ನಿಂತ ಜನರ ಹಾಗೆ ಉದ್ದಕ್ಕೂ ಸಾಲಾಗಿ ನಿಂತು, ಆಮೇಲೆ ತಗ್ಗಿ ತಗ್ಗಿ ಹೋಯಿತು. ಕಾಶಪ್ಪ ಕಡಿದಿದ್ದು ಒಂದು ಹೊರಸಿನಷ್ಟು, ಒಬ್ಬ ಮಲಗುವಷ್ಟು ಜಾಗ. ಅವನ ಎಡಕ್ಕೂ ಬಲಕ್ಕೂ ಒಣಹುಲ್ಲು ಸೊಂಟದ ಮಟ್ಟ ನಿಂತೇ ಇತ್ತು. ಅದರ ತುದಿಗಳು ಅಲುಗುತ್ತಿದ್ದವು ಎಂದು ನನ್ನ ನೆನಪು. ಅಲುಗುತ್ತಿದ್ದರೆ ಗಾಳಿ ಇತ್ತು. ಆದರೆ ಈ ಅಲುಗಾಟವನ್ನು ನಾನು ಆಮೇಲೆ ಸೇರಿಸಿಕೊಂಡಿರಲೂಬಹುದು.

ಗಡಿಕಲ್ಲಿನಿಂದ ಹಳ್ಳದ ತನಕ ಇಬ್ಬರೂ ಅಂಚು ಹಿಡಿದು ನಡೆದೆವು. ಒಂದು ಕಡೆ ಕರಿ, ಒಂದು ಕಡೆ ಹಳದಿ, ನಡುವೆ ದಾರ ಹಿಡಿದಂಥ ಗೆರೆ. ಸುಮಾರು ಅರ್ಧ ದಾರಿಯಲ್ಲಿ ಆ ಗೆರೆ ಕಾರಣವಿಲ್ಲದೆ ಬಾಗಿ, ಅರ್ಧಚಂದ್ರ ಮಾಡಿ, ಮತ್ತೆ ನೆಟ್ಟಗಾಗಿತ್ತು. ಅಲ್ಲಿ ಕಲ್ಲಿಲ್ಲ, ಮರವಿಲ್ಲ, ತಗ್ಗಿಲ್ಲ. ನಾನು ನೆಲಕ್ಕೆ ಕೂತೆ. ಸ್ಕೇಲು, ಪೆನ್ನು, ಬೆರಳು ಎಲ್ಲವನ್ನೂ ಕಾಶಪ್ಪನಿಗೆ ಹೇಳಿದೆ. ಅವನು ನನ್ನ ಬೆರಳನ್ನೇ ನೋಡಿದ.

"ನೀ ಗೀಚಿದ್ದು ಬೆಂಕಿಗಿ ಯಾರ್ ತೋರ್ಸಿದ್ರು?" ಎಂದ.

ಮೂರನೆಯ ದಿನ ಬೀದರಿನಿಂದ ದೊಡ್ಡ ಸಾಹೇಬರು ಬಂದರು. ಫಾರೆಸ್ಟರ್ ಸಾಹೇಬರು ನಕ್ಷೆ ಬಿಡಿಸಿ ಹಿಡಿದರು. ದೊಡ್ಡವರು ಒಮ್ಮೆ ನಕ್ಷೆ, ಒಮ್ಮೆ ಕರಿ ಅಂಚು ನೋಡಿ "ಶಾಭಾಷ್, ಲೈನ್ ಅಂದ್ರೆ ಇದು" ಎಂದರು. ಫಾರೆಸ್ಟರ್ ಸಾಹೇಬರು ಕಾಶಪ್ಪನನ್ನು ಮುಂದೆ ತಳ್ಳಿದರು.

"ಎಷ್ಟು ಜನ ಕಡಿದಿರಿ ಇದನ್ನ?" ಎಂದರು ದೊಡ್ಡವರು.

"ಯಾರೂ ಕಡದಿಲ್ಲರಿ ಸಾಹೇಬ್ರ," ಎಂದ ಕಾಶಪ್ಪ. "ಇಲ್ಲಿ ಲೈನೇ ಇಲ್ಲರಿ. ಹುಲ್ಲು ನೋಡ್ರಿ, ಹ್ಯಾಂಗಿತ್ತೋ ಹಾಂಗೇ ನಿಂತದ. ಬೆಂಕಿ ತಾನೇ ನಿಂತದರಿ. ನಾ ಮಾಡಿದ್ದಲ್ಲ."

ಹುಲ್ಲು ದೊಡ್ಡ ಸಾಹೇಬರ ಷರಾಯಿಗೆ ತಾಗುತ್ತಿತ್ತು. ಅವರು ಹುಲ್ಲು ನೋಡಲಿಲ್ಲ, ಇನ್ನೊಮ್ಮೆ ನಕ್ಷೆ ನೋಡಿದರು. ನಾನು ಎರಡು ಹೆಜ್ಜೆ ಮುಂದೆ ಹೋಗಿದ್ದರೆ ಆ ಅರ್ಧಚಂದ್ರ ನಿಜಕ್ಕೂ ಅದರಲ್ಲಿತ್ತೇ ಎಂದು ಕಾಣುತ್ತಿತ್ತು. ಹೋಗಲಿಲ್ಲ. "ಹೊಗಿ ತಲಿಗಿ ಏರ್ಯಾದರಿ ಇವನಿಗಿ," ಎಂದು ಫಾರೆಸ್ಟರ್ ಸಾಹೇಬರು ನಕ್ಕು, ನನ್ನ ಕಡೆ ತಿರುಗಿದರು. "ನೀ ಓದ್ದಾಂವ ಇದ್ದಿ, ನೀ ಹೇಳು. ಕಡದೀರಿಲ್ಲೋ?"

"ಕಡದೀವ್ರಿ," ಎಂದೆ.

ಕಾಶಪ್ಪ ನನ್ನತ್ತ ನೋಡಿದನೋ ಇಲ್ಲವೋ, ನಾನು ನೆಲ ನೋಡುತ್ತಿದ್ದೆ. ಖಾಯಂ ಪಟ್ಟಿ ಬಂದಾಗ ಅವನ ಹೆಸರು ಇರಲಿಲ್ಲ. ಆರೋಗ್ಯ ಸರಿಯಿಲ್ಲ ಎಂದು ಬರೆದಿದ್ದರಂತೆ. ಮುಂದಿನ ಜನವರಿಯಲ್ಲಿ ಗೇಟಿನ ಬಳಿಯೂ ಅವನನ್ನು ನಿಲ್ಲಗೊಡಲಿಲ್ಲ. ನನಗೆ ಮಾತ್ರ, ಬೆಂಕಿರೇಖೆಯ ಕೆಲಸದಲ್ಲಿ ವಿಶೇಷ ಪರಿಣತಿ ಇದೆಯೆಂದು ಅನುಭವ ಪತ್ರ ಸಿಕ್ಕಿತು. ಎರಡನೆಯ ಸಲ ಪರೀಕ್ಷೆಗೆ ಹೋದಾಗ ಅದನ್ನು ಯಾರೂ ಕೇಳಲಿಲ್ಲ. ಅಂಗಿ ಬಿಚ್ಚು ಅಂದರು.

ಕೆಲವು ವರ್ಷಗಳ ನಂತರ ಔರಾದಿನ ಬಸ್ ನಿಲ್ದಾಣದಲ್ಲಿ ಕಾಶಪ್ಪ ಸಿಕ್ಕ. ಬಗದಲ್ ಕಡೆ ಯಾರದೋ ಹೊಲದಲ್ಲಿ ಇದ್ದೇನೆ ಎಂದ. ಅವತ್ತು ಸುಮ್ಮನಿದ್ದರೆ ಆಗುತ್ತಿತ್ತಲ್ಲ, ಯಾಕೆ ಬಾಯಿಬಿಟ್ಟೆ ಎಂದು ಕೇಳಿದೆ.

"ಕಡದಿದ್ರ ಸುಮ್ನಿರ್ತಿದ್ದೆ," ಎಂದ. ಆಮೇಲೆ, ಸಿಟ್ಟಿಲ್ಲದೆ, ತಿಳಿದುಕೊಳ್ಳಲೆಂದೇ ಕೇಳಿದ: "ನೀ ಯಾಕ ಹಾಂಗಂದಿ, ಮಾಸ್ತರ?"

ಬಸ್ಸು ಬಂತು ಎಂದೆ. ಬಂದಿರಲಿಲ್ಲ.

ಬೆಂಕಿ ಅಲ್ಲಿ ಯಾಕೆ ನಿಂತಿತು, ನನಗೆ ಗೊತ್ತಿಲ್ಲ. ಕಡಿದಿಲ್ಲ ಎಂದು ನಾನೂ ಹೇಳಿದ್ದರೆ ಆ ದೊಡ್ಡ ಸಾಹೇಬರು ಒಮ್ಮೆಯಾದರೂ ಬಗ್ಗಿ ಹುಲ್ಲು ನೋಡುತ್ತಿದ್ದರೋ ಏನೋ, ನೋಡಿದ್ದರೆ ಕಾಶಪ್ಪನ ಹೆಸರು ಪಟ್ಟಿಯಲ್ಲಿ ಉಳಿಯುತ್ತಿತ್ತೋ ಏನೋ. ಅದೂ ಗೊತ್ತಿಲ್ಲ.